ಮನೆಯ ಕಂಪ್ಯೂಟರು ಎಚ್ಚರಿಕೆ ಕೊಟ್ಟಾಗ

ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಈಗ ಕಂಪ್ಯೂಟರು ಅಪೂರ್ವ ವಸ್ತುವಾಗಿ ಉಳಿದಿಲ್ಲ. ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಕೆಲಸದಲ್ಲಿರುವ ಮಗ ತಾನು ಹೊಸತನ್ನು ಕೊಂಡಾಗ ಹಳೆಯದನ್ನು ಊರಿನ ಮನೆಗೆ ಕೊಡುತ್ತಾನೆ. ಅಜ್ಜ ಅದರಲ್ಲಿ ಪತ್ರಿಕೆ ಓದುತ್ತಾರೆ. ಪಿಂಚಣಿ ಜಮೆಯಾಯಿತೇ ಎಂದು ಬ್ಯಾಂಕಿನ ಲೆಕ್ಕ ನೋಡುತ್ತಾರೆ. ಅಜ್ಜಿ ದೂರದಲ್ಲಿರುವ ಮೊಮ್ಮಕ್ಕಳ ಮುಖ ನೋಡುತ್ತಾರೆ. ಒಂದು ದಿನ ಪರದೆಯ ಮೇಲೆ ಏನೋ ಇಂಗ್ಲಿಷ್ ಬರಹ ಬಂದು ಕೆಲಸ ನಿಂತಿತೆಂದರೆ, ಅದನ್ನು ಸರಿಪಡಿಸುವ ಭಾರ ಮನೆಯಲ್ಲಿರುವ ಹೈಸ್ಕೂಲು ಹುಡುಗನ ಅಥವಾ ಹುಡುಗಿಯ ಮೇಲೆ ಬೀಳುತ್ತದೆ. ಶಾಲೆಯಲ್ಲಿ ನೀವು ಕಲಿಯುವುದು ಲಿನಕ್ಸ್, ಮನೆಯಲ್ಲಿರುವುದು ಹೆಚ್ಚಾಗಿ ವಿಂಡೋಸ್. ಆದುದರಿಂದ ಆ ಬರಹಗಳು ನಿಮಗೂ ಹೊಸತೇ. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಇಲ್ಲಿ ಪರಿಶೀಲಿಸೋಣ.

ಕಂಪ್ಯೂಟರಿನೊಳಗೆ ಒಬ್ಬನೇ ಕಾವಲುಗಾರನಿಲ್ಲ, ಹಲವರಿದ್ದಾರೆ. ನಾವು ನೋಡುವ ಜಾಲತಾಣ ನಿಜವಾದುದೇ ಎಂದು ಒಬ್ಬ ಪರೀಕ್ಷಿಸುತ್ತಾನೆ. ಹೊರಗಿನಿಂದ ಬಂದ ಕಡತದಲ್ಲಿ ಕೇಡು ಇದೆಯೇ ಎಂದು ಇನ್ನೊಬ್ಬ ನೋಡುತ್ತಾನೆ. ಯಂತ್ರವನ್ನು ಬೇರೆ ಯಾರಾದರೂ ಬಿಚ್ಚಿದ್ದಾರೆಯೇ ಎಂದು ಮತ್ತೊಬ್ಬ ವಿಚಾರಿಸುತ್ತಾನೆ. ಪರದೆಯ ಮೇಲೆ ಬರುವ ಎಚ್ಚರಿಕೆಯೆಂದರೆ ಇವರಲ್ಲಿ ಒಬ್ಬನ ಪರೀಕ್ಷೆಯಲ್ಲಿ ಏನೋ ತಾಳೆಯಾಗಲಿಲ್ಲ ಎಂಬ ವರದಿ, ಅಷ್ಟೆ. ಅದು ವೈರಸ್ ಬಂದಿದೆ ಎಂಬ ತೀರ್ಪಲ್ಲ. ಹಾಗೆಂದು ಕಡೆಗಣಿಸಿ ಮುಂದೆ ಹೋಗಬಹುದಾದ ಕಿರುಕುಳವೂ ಅಲ್ಲ. ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡರಲ್ಲಿ ಒಂದು: ಹಿರಿಯರು ಹೆದರಿ ಯಂತ್ರವನ್ನು ಮುಚ್ಚಿಡುತ್ತಾರೆ, ಇಲ್ಲವೆ ಕಿರಿಯರು ಎಚ್ಚರಿಕೆಯೇ ಬಾರದಂತೆ ಆ ರಕ್ಷಣೆಯನ್ನು ಆರಿಸಿಬಿಡುತ್ತಾರೆ. ಎರಡನೆಯದು ಹೆಚ್ಚು ಅಪಾಯಕರ. ನಾಯಿ ಬೊಗಳಿತೆಂದು ಅದನ್ನು ಕಟ್ಟಿಹಾಕಿ ಮಲಗುವವರು ಹೊರಗೆ ಬಂದವರು ಯಾರೆಂದು ನೋಡಿದಂತಾಗಲಿಲ್ಲ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೆಂದರೆ, ಈ ಮಾತನ್ನು ಆಡುತ್ತಿರುವವರು ಯಾರು? ಯಾಕೆಂದರೆ ಕಾವಲುಗಾರನ ವೇಷದಲ್ಲಿ ಕಳ್ಳನೂ ಬರುವುದುಂಟು. ಪರದೆಯಿಡೀ ಕೆಂಪಾಗಿ, ಸೈರನ್ ಕೂಗಿ, ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗಲಿದೆ, ಕೂಡಲೇ ಈ ಸಂಖ್ಯೆಗೆ ಫೋನ್ ಮಾಡಿ’ ಎಂದು ಬಂದರೆ ಅದು ಎಲ್ಲಿಯೋ ಕುಳಿತು ಯಾರೋ ಬರೆದ ಒಂದು ಜಾಲಪುಟ. ಜಾಲಪುಟಕ್ಕೆ ನಿಮ್ಮ ಡಿಸ್ಕನ್ನು ಒಳಹೊಕ್ಕು ಪರೀಕ್ಷಿಸುವ ಶಕ್ತಿಯೇ ಇಲ್ಲ. ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟ್ ಸಂಸ್ಥೆಯ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ಸಂಖ್ಯೆ ಇರುವುದಿಲ್ಲ. ಈ ಒಂದು ಗುರುತನ್ನು ಅಜ್ಜನಿಗೂ ಅಜ್ಜಿಗೂ ಹೇಳಿಕೊಟ್ಟರೆ ಅರ್ಧ ಕೆಲಸ ಆದಂತೆ. ಆ ಪುಟದಿಂದ ಹೊರಬರಲು ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಆಮೇಲೆ ಆಲ್ಟ್ ಮತ್ತು ಎಫ್ 4 ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ಅದಕ್ಕೂ ಬಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ, ತೆರೆಯುವ ಪಟ್ಟಿಯಲ್ಲಿ ಬ್ರೌಸರನ್ನು ಆಯ್ದು ಅದನ್ನು ಕೊನೆಗೊಳಿಸಿರಿ. ಬ್ರೌಸರನ್ನು ಮತ್ತೆ ತೆರೆದಾಗ ಹಿಂದಿನ ಪುಟಗಳನ್ನು ಪುನಃ ತರಲೇ ಎಂದು ಅದು ಕೇಳಿದರೆ ಬೇಡವೆನ್ನಬೇಕು. ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಇಂತಹ ಬೆದರಿಕೆಗಳು ಪದೇ ಪದೇ ಮೂಡುತ್ತಿದ್ದರೆ, ಯಾವುದೋ ತಾಣಕ್ಕೆ ಸೂಚನೆ ಕಳುಹಿಸುವ ಅನುಮತಿ ಯಾವಾಗಲೋ ದೊರೆತಿದೆ ಎಂದು ಅರ್ಥ. ಬ್ರೌಸರಿನ ಸೆಟ್ಟಿಂಗುಗಳಲ್ಲಿ ಅಪರಿಚಿತ ತಾಣಗಳ ಆ ಅನುಮತಿಯನ್ನು ತೆಗೆದುಹಾಕಿದರೆ ಸಾಕು.

ಮನೆಯವರು ಆ ಸಂಖ್ಯೆಗೆ ಈಗಾಗಲೇ ಫೋನ್ ಮಾಡಿ, ಆಚೆಯವನು ಹೇಳಿದಂತೆ ಏನನ್ನಾದರೂ ಹಾಕಿಕೊಂಡಿದ್ದರೆ ಒಡನೆ ಇಂಟರ್‌ನೆಟ್ ಸಂಪರ್ಕವನ್ನು ಕಡಿಯಿರಿ. ಬ್ಯಾಂಕಿಗೆ ಬೇರೆ ಫೋನಿನಿಂದ ತಿಳಿಸಿರಿ. ಹಣ ಹೋಗಿದ್ದರೆ 1930 ಎಂಬ ಸಂಖ್ಯೆಗೆ ತಡಮಾಡದೆ ದೂರು ಕೊಡಿರಿ. ಹಿರಿಯರನ್ನು ಗದರಿಸಲು ಹೊರಡಬೇಡಿ. ಗದರಿಸಿದ ಮನೆಯಲ್ಲಿ ಮುಂದಿನ ಸಲ ಸಂಗತಿ ನಿಮ್ಮವರೆಗೆ ಬರುವುದೇ ಇಲ್ಲ.

ಎಚ್ಚರಿಕೆ ನಿಜವೇ ಎಂದು ತಿಳಿಯಲು, ಆ ಪೆಟ್ಟಿಗೆಯನ್ನು ಒತ್ತದೆ, ಸ್ಟಾರ್ಟ್ ಪಟ್ಟಿಯಲ್ಲಿ ವಿಂಡೋಸ್ ಸೆಕ್ಯುರಿಟಿ ಎಂದು ಹುಡುಕಿ ನೀವೇ ಅದನ್ನು ತೆರೆಯಬೇಕು. ಪ್ರತಿಯೊಂದು ರಕ್ಷಣೆಯ ಎದುರಿಗೂ ಹಸಿರು, ಹಳದಿ ಅಥವಾ ಕೆಂಪು ಗುರುತು ಅಲ್ಲಿ ಕಾಣುತ್ತದೆ. ಯಾರು ದೂರುತ್ತಿದ್ದಾರೆಂಬುದು ಇಲ್ಲಿ ತಿಳಿಯುತ್ತದೆ. ಆದರೆ ಜಾಲತಾಣಗಳ ಕಾವಲುಗಾರನಿರುವುದು ಬ್ರೌಸರಿನಲ್ಲಿ. ಅವನ ಮಾತು ಇಲ್ಲಿ ಸಿಗುವುದಿಲ್ಲ. ಹಳೆಯ ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಸಿಟ್ಟಾಗುವವನು ಅವನೇ ಆದುದರಿಂದ ಅವನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಅರ್ಥದ ಇಂಗ್ಲಿಷ್ ಬರಹ ಬಂದಾಗ ಒಂದೇ ತಾಣ ಹೀಗೆ ಹೇಳುತ್ತದೆಯೋ ಎಲ್ಲ ತಾಣಗಳೂ ಹೇಳುತ್ತವೆಯೋ ಎಂದು ನೋಡಿರಿ. ಕರೆಂಟು ಹೋದಾಗ ನಾವು ಅಂಗಳಕ್ಕೆ ಬಂದು ನೆರೆಮನೆಯಲ್ಲಿ ದೀಪವಿದೆಯೇ ಎಂದು ನೋಡುವುದಿಲ್ಲವೇ? ಇದೂ ಹಾಗೆಯೇ. ಒಂದೇ ತಾಣವಾದರೆ ದೋಷ ಬಹುಶಃ ಆ ತಾಣದ್ದು. ಅವರು ಸರಿಪಡಿಸುವ ತನಕ ಕಾಯಬೇಕು. ಎಲ್ಲ ತಾಣಗಳೂ ಹಾಗೆ ಹೇಳಿದರೆ, ಮತ್ತು ಅದೇ ವೈಫೈಯಲ್ಲಿ ಅಮ್ಮನ ಮೊಬೈಲು ಸರಿಯಾಗಿ ಕೆಲಸಮಾಡುತ್ತಿದ್ದರೆ, ದೋಷ ಕಂಪ್ಯೂಟರಿನದು. ಆಗ ಪರದೆಯ ಮೂಲೆಯಲ್ಲಿರುವ ಗಡಿಯಾರವನ್ನು ನೋಡಿರಿ. ಗಂಟೆಯನ್ನು ಮಾತ್ರವಲ್ಲ, ತಾರೀಕನ್ನೂ ಇಸವಿಯನ್ನೂ ನೋಡಬೇಕು.

ನಮ್ಮ ಸಮೀಪದ ಒಂದು ಮನೆಯ ಸಂಗತಿ ಇದು. ನಿವೃತ್ತರಾದ ಒಬ್ಬ ಹಿರಿಯರ ಕಂಪ್ಯೂಟರಿನಲ್ಲಿ ಬ್ಯಾಂಕಿನ ತಾಣ ತೆರೆಯುವುದು ನಿಂತಿತು, ಪತ್ರಿಕೆ ತೆರೆಯುವುದೂ ನಿಂತಿತು. ಒಬ್ಬರು ವೈರಸ್ ಎಂದರು. ಇನ್ನೊಬ್ಬರು ಬೇರೆ ಬ್ರೌಸರು ಹಾಕಿ ನೋಡಿದರು. ಅದರಲ್ಲಿಯೂ ಅದೇ ಪಾಡು. ರಿಪೇರಿಗೆ ಬಂದವರು ಡಿಸ್ಕನ್ನೆಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಬೇಕೆಂದು ಹೇಳಿ ಮರುದಿನ ಬರುವೆನೆಂದು ಹೋದರು. ಆ ಡಿಸ್ಕಿನಲ್ಲಿ ಮನೆಯ ಹಲವು ವರ್ಷಗಳ ಚಿತ್ರಗಳಿದ್ದುವು, ಬೇರೆ ಪ್ರತಿ ಇರಲಿಲ್ಲ. ಆ ಸಂಜೆ ಮೊಮ್ಮಗಳು ತಾರೀಕನ್ನು ನೋಡಿದಳು. ‘ಅಜ್ಜಾ, ನಿಮ್ಮ ಕಂಪ್ಯೂಟರಿನಲ್ಲಿ ಇನ್ನೂ 2015 ನಡೀತಾ ಇದೆ’ ಎಂದಳು. ತಾರೀಕನ್ನು ಸರಿಮಾಡಿದೊಡನೆ ಎಲ್ಲ ತಾಣಗಳೂ ತೆರೆದುವು. ಮರುದಿನ ಬೆಳಿಗ್ಗೆ ಯಂತ್ರವನ್ನು ಹಾಕಿದಾಗ ಪುನಃ 2015!

ಇದಕ್ಕೆ ಕಾರಣವೇನು? ಸುರಕ್ಷಿತ ಸಂಪರ್ಕವುಳ್ಳ ಪ್ರತಿಯೊಂದು ಜಾಲತಾಣವೂ ತಾನು ಯಾರೆಂದು ತೋರಿಸುವ ಒಂದು ಪ್ರಮಾಣಪತ್ರವನ್ನು ಹೊಂದಿರುತ್ತದೆ. ಬಸ್ಸಿನ ಪಾಸಿನಲ್ಲಿರುವಂತೆ ಅದರಲ್ಲಿಯೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇದೆ. ಬ್ರೌಸರು ಆ ಅವಧಿಯನ್ನು ತನ್ನ ಗಡಿಯಾರದೊಂದಿಗೆ ಹೋಲಿಸುತ್ತದೆ. 2015ರಲ್ಲಿ ನಿಂತ ಯಂತ್ರಕ್ಕೆ ಕಳೆದ ತಿಂಗಳು ಕೊಟ್ಟ ಪ್ರಮಾಣಪತ್ರ ಇನ್ನೂ ಹುಟ್ಟದೆ ಇರುವ ಪತ್ರ. ಅದನ್ನು ಒಪ್ಪದಿರುವುದು ನ್ಯಾಯವೇ. 2020ರ ಸೆಪ್ಟೆಂಬರ್ 1ರಿಂದ ಈ ಪತ್ರಗಳ ಅವಧಿಯನ್ನು ಹೆಚ್ಚೆಂದರೆ 398 ದಿನಗಳಿಗೆ ಇಳಿಸಲಾಯಿತು. ಮುಂದೆ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ ಎಂದು 2025ರಲ್ಲಿ ನಿಶ್ಚಯಿಸಲಾಗಿದೆ. ಅವಧಿ ಕಿರಿದಾದಷ್ಟೂ ಗಡಿಯಾರದ ತಪ್ಪು ಬೇಗ ಬಯಲಿಗೆ ಬರುತ್ತದೆ. 47 ದಿನಗಳ ಪತ್ರವಿರುವಾಗ ಎರಡು ತಿಂಗಳು ಹಿಂದಿರುವ ಗಡಿಯಾರವನ್ನಿಟ್ಟುಕೊಂಡು ಅಂತಹ ಒಂದು ತಾಣವನ್ನೂ ತೆರೆಯಲಾಗದು. ಯಾಕೆಂದು ಲೆಕ್ಕ ಮಾಡಿ ನೋಡಿರಿ.

ಇನ್ನು ಕಂಪ್ಯೂಟರು ಆರಿಸಿದ ಮೇಲೂ ಅದರೊಳಗಿನ ಗಡಿಯಾರ ನಡೆಯುವುದು ಹೇಗೆ? ಅದರಲ್ಲಿ ಒಂದು ಚಿಕ್ಕ ಸ್ಫಟಿಕವಿದ್ದು, ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನೇ ಏಕೆ ಆರಿಸಿದರು? 32,768ನ್ನು ಎರಡರಿಂದ ಹದಿನೈದು ಸಲ ಭಾಗಿಸಿರಿ. ಸರಿಯಾಗಿ ಒಂದು ಉಳಿಯುತ್ತದೆ. ಅರ್ಧ ಮಾಡುವುದು ವಿದ್ಯುನ್ಮಂಡಲಕ್ಕೆ ಅತಿ ಸುಲಭವಾದ ಕೆಲಸ. ಹಾಗೆ ಹದಿನೈದು ಸಲ ಅರ್ಧಮಾಡಿ ಅದು ಒಂದು ಸೆಕೆಂಡನ್ನು ಪಡೆಯುತ್ತದೆ. ಮೇಜಿನ ಮೇಲಿಡುವ ಕಂಪ್ಯೂಟರಿನಲ್ಲಿ ಈ ಗಡಿಯಾರವನ್ನು ನಡೆಸುವುದು ಸಾಮಾನ್ಯವಾಗಿ ನಾಣ್ಯದಂತಹ 3 ವೋಲ್ಟಿನ ಲಿಥಿಯಂ ಬ್ಯಾಟರಿ. ಅದರ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ. ಈ ಹೆಸರಿನಲ್ಲಿಯೇ ಅಳತೆ ಅಡಗಿದೆ: ವ್ಯಾಸ 20 ಮಿಲಿಮೀಟರು, ದಪ್ಪ 3.2 ಮಿಲಿಮೀಟರು.

ಪ್ಲಗ್ಗು ಸಿಕ್ಕಿಸಿ ಸ್ವಿಚ್ ಹಾಕಿದ್ದರೆ, ಕಂಪ್ಯೂಟರು ಆರಿದ್ದರೂ ಗಡಿಯಾರಕ್ಕೆ ಬೇಕಾದ ಅಲ್ಪ ವಿದ್ಯುತ್ತು ಗೋಡೆಯಿಂದಲೇ ದೊರೆಯುತ್ತದೆ. ಪ್ಲಗ್ಗನ್ನು ಕಿತ್ತಾಗ ಮಾತ್ರ ಆ ಭಾರ ಪೂರ್ತಿಯಾಗಿ ಬ್ಯಾಟರಿಯ ಮೇಲೆ ಬೀಳುತ್ತದೆ. ನಮ್ಮ ಊರಿನಲ್ಲಿ ಪತ್ತನಾಜೆಯ ಹೊತ್ತಿಗೂ ತುಲಾಮಾಸದಲ್ಲಿಯೂ ಗುಡುಗು ಸಿಡಿಲಿಗೆ ಹೆದರಿ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡುವುದು ವಾಡಿಕೆ. ಮಳೆಗಾಲದಲ್ಲಿ ವಾರಗಟ್ಟಲೆ ಹಾಗೆಯೇ ಇರುವುದೂ ಉಂಟು. ಆದುದರಿಂದ ಇಲ್ಲಿ ಬ್ಯಾಟರಿ ಬೇಗ ಬರಿದಾದರೆ ಆಶ್ಚರ್ಯವಿಲ್ಲ. ಹಾಗೆಂದು ಸಿಡಿಲಿನ ದಿನ ಪ್ಲಗ್ಗು ಕೀಳದೆ ಇರಬೇಡಿ. ಬ್ಯಾಟರಿ ಅಗ್ಗ, ಕಂಪ್ಯೂಟರು ಅಗ್ಗವಲ್ಲ.

ಬ್ಯಾಟರಿ ಬದಲಾಯಿಸುವುದಕ್ಕೆ ಮೊದಲು, ಕೆಳಗೆ ಹೇಳಲಿರುವ 48 ಅಂಕೆಗಳ ಕೀಲಿ ನಿಮ್ಮ ಯಂತ್ರಕ್ಕೆ ಇದೆಯೇ ಎಂದು ನೋಡಿಕೊಳ್ಳಿರಿ. ಆಮೇಲೆ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು ಪ್ಲಗ್ಗನ್ನು ಪೂರ್ತಿ ಕಿತ್ತು, ಕಂಪ್ಯೂಟರಿನ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹೋಗಲಾಡಿಸಿರಿ. ಪೆಟ್ಟಿಗೆಯ ಪಕ್ಕದ ತಗಡನ್ನು ತೆಗೆದು, ಬರಿಯ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಬ್ಯಾಟರಿಯನ್ನು ಹಿಡಿದಿರುವ ಕೊಕ್ಕೆಯನ್ನು ಬೆರಳಿನಿಂದ ಸರಿಸಿದರೆ ಅದು ಮೇಲಕ್ಕೆ ಬರುತ್ತದೆ. ಹಳೆಯದರಲ್ಲಿ ಯಾವ ಮುಖ ಮೇಲಿತ್ತೋ ಹೊಸದರಲ್ಲಿಯೂ ಅದೇ ಇರಬೇಕು. ವಿದ್ಯುತ್ ತಂತಿ ಬಂದು ಸೇರುವ ಮುಚ್ಚಿದ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು. ಲ್ಯಾಪ್‌ಟಾಪ್ ಆದರೆ ಈ ಕೆಲಸವನ್ನು ಬಲ್ಲವರಿಗೇ ಬಿಡಿ. ತೆಗೆದ ಬ್ಯಾಟರಿಯನ್ನು ಮೇಜಿನ ಮೇಲೆ ಇಡಬೇಡಿ. ಚಿಕ್ಕ ಮಕ್ಕಳು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳ ಸುಟ್ಟು ಗಾಯವಾಗಬಹುದು. ನುಂಗಿದ ಸಂಶಯವಿದ್ದರೂ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಅನಂತರ ತಾರೀಕು ಮತ್ತು ಗಂಟೆಯನ್ನು ಸರಿಮಾಡಿ, ಸಮಯವನ್ನು ಇಂಟರ್‌ನೆಟ್ಟಿನಿಂದ ತಾನಾಗಿ ಪಡೆಯುವಂತೆ ಸೆಟ್ಟಿಂಗಿನಲ್ಲಿ ಹೇಳಿಡಿ. ಗಲ್ಫಿನಿಂದ ಬಂದ ಯಂತ್ರವಾದರೆ ಸಮಯವಲಯವನ್ನೂ ನೋಡಬೇಕು. ದುಬೈಯ ಕಾಲಕ್ಕೂ ನಮ್ಮ ಕಾಲಕ್ಕೂ ಒಂದೂವರೆ ಗಂಟೆಯ ಅಂತರವಿದೆ. ವಲಯವನ್ನು ಬದಲಾಯಿಸದೆ ಮುಳ್ಳನ್ನು ಮಾತ್ರ ತಿರುಗಿಸಿದರೆ ಗೋಡೆಯ ಗಡಿಯಾರಕ್ಕೆ ಅದು ತಾಳೆಯಾಗುತ್ತದೆ, ಒಳಗಿನ ಲೆಕ್ಕ ಮಾತ್ರ ತಪ್ಪಾಗಿಯೇ ಉಳಿಯುತ್ತದೆ. ಈ ತೊಂದರೆಗಳಿರುವಾಗ ‘ಅಪಾಯವಿದ್ದರೂ ಮುಂದೆ ಹೋಗು’ ಎಂಬ ಗುಂಡಿಯನ್ನು ಒತ್ತಿ ಬ್ಯಾಂಕಿನ ಗುಪ್ತಪದ ಬರೆಯುವವರಿದ್ದಾರೆ. ಪ್ರಮಾಣಪತ್ರವನ್ನು ನೋಡದೆ ಒಳಗೆ ಬಿಟ್ಟ ಮೇಲೆ ಎದುರಿಗಿರುವುದು ಬ್ಯಾಂಕೋ ನಡುವೆ ಕುಳಿತ ಮೋಸಗಾರನೋ ಎಂದು ತಿಳಿಯುವ ದಾರಿಯೇ ಇಲ್ಲ.

ವೈರಸ್ ತಡೆಯುವ ತಂತ್ರಾಂಶದ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಎಂಬುದು, ಬೇರೊಂದು ಸಂಸ್ಥೆಯ ಅಂತಹ ತಂತ್ರಾಂಶವನ್ನು ಹಾಕಿದಾಗ ತಾನು ಹಿಂದೆ ಸರಿಯುತ್ತದೆ. ಕಂಪ್ಯೂಟರು ಕೊಂಡಾಗ ಬಂದ ಕೆಲವು ತಿಂಗಳ ಉಚಿತ ಅವಧಿ ಮುಗಿದ ಮೇಲೆ ‘ನಿಮಗೆ ರಕ್ಷಣೆಯಿಲ್ಲ’ ಎಂಬ ಕೂಗು ಆರಂಭವಾಗುತ್ತದೆ. ಹಣ ಕೊಟ್ಟು ಮುಂದುವರಿಸುವ ಇಚ್ಛೆಯಿಲ್ಲವಾದರೆ ಅದನ್ನು ಕ್ರಮವಾಗಿ ತೆಗೆದುಹಾಕಿ, ಯಂತ್ರವನ್ನು ಆರಿಸಿ ಮತ್ತೆ ಹಾಕಿರಿ. ಡಿಫೆಂಡರ್ ಸಾಮಾನ್ಯವಾಗಿ ತಾನೇ ಎದ್ದು ಬರುತ್ತದೆ. ಎರಡನ್ನು ಹಾಕಿದರೆ ಎರಡು ಪಾಲು ರಕ್ಷಣೆ ಎಂಬುದು ಸರಿಯಲ್ಲ, ಅವು ಒಂದನ್ನೊಂದು ತಡೆದು ಯಂತ್ರವನ್ನು ನಿಧಾನಗೊಳಿಸುತ್ತವೆ.

ಇನ್ನೊಂದು ಹಳದಿ ಗುರುತು ಬಹಳ ಜನರನ್ನು ಕಾಡುತ್ತದೆ. ‘ಮೆಮೊರಿ ಇಂಟೆಗ್ರಿಟಿ ಆರಿದೆ’ ಎಂಬುದೇ ಆ ಎಚ್ಚರಿಕೆ. 2018ರಿಂದ ವಿಂಡೋಸಿನ ಈ ಪುಟದಲ್ಲಿ ಕಾಣಿಸಿಕೊಂಡ ರಕ್ಷಣೆ ಇದು. ಪ್ರಿಂಟರು, ಕ್ಯಾಮರಾ ಮೊದಲಾದ ಉಪಕರಣಗಳನ್ನು ನಡೆಸಲು ಡ್ರೈವರ್ ಎಂಬ ಚಿಕ್ಕ ತಂತ್ರಾಂಶ ಬೇಕು. ಅವುಗಳಲ್ಲಿ ಹಲವಕ್ಕೆ ಯಂತ್ರದ ಒಳಕೋಣೆಯವರೆಗೂ ಹೋಗುವ ಅಧಿಕಾರವಿರುತ್ತದೆ. ಒಳಗೆ ಹೋಗುವವರು ಹೊಸ ನಿಯಮಕ್ಕೆ ಒಪ್ಪುವವರೇ ಎಂದು ಈ ಕಾವಲುಗಾರ ನೋಡುತ್ತಾನೆ. ಹಳೆಯ ಡ್ರೈವರುಗಳು ಆ ನಿಯಮಕ್ಕೆ ಮುಂಚೆ ಬರೆದವು. ಅಂತಹದೊಂದು ಇದ್ದರೂ ರಕ್ಷಣೆ ಹೊತ್ತಿಕೊಳ್ಳುವುದಿಲ್ಲ. ಹೊಂದದ ಡ್ರೈವರುಗಳ ಪಟ್ಟಿಯನ್ನು ಆ ಪುಟವೇ ಕೊಡುತ್ತದೆ. ಅದನ್ನು ಕಾಗದದ ಮೇಲೆ ಬರೆದುಕೊಂಡು, ಅದು ಯಾವ ಉಪಕರಣದ್ದು, ಆ ಉಪಕರಣ ಈಗಲೂ ಮನೆಯಲ್ಲಿದೆಯೇ ಎಂದು ವಿಚಾರಿಸಿರಿ. ಎಷ್ಟೋ ಸಲ ಪ್ರಿಂಟರು ಗುಜರಿಗೆ ಹೋಗಿರುತ್ತದೆ, ಅದರ ಡ್ರೈವರು ಮಾತ್ರ ಒಳಗೆ ಠಿಕಾಣಿ ಹೂಡಿರುತ್ತದೆ! ಬೇಡವಾದುದನ್ನು ಅದರ ತಂತ್ರಾಂಶದೊಂದಿಗೆ ಕ್ರಮವಾಗಿ ತೆಗೆದುಹಾಕಿರಿ. ಬೇಕಾದುದಕ್ಕೆ ತಯಾರಕರ ಸ್ವಂತ ತಾಣದಿಂದ ಹೊಸ ಡ್ರೈವರನ್ನು ತನ್ನಿರಿ. ಎಲ್ಲ ಡ್ರೈವರುಗಳನ್ನೂ ಪುಕ್ಕಟೆ ಹೊಸತು ಮಾಡಿಕೊಡುತ್ತೇವೆಂಬ ಅಪರಿಚಿತ ತಂತ್ರಾಂಶಗಳ ಸಹವಾಸ ಬೇಡ. ವಿಂಡೋಸಿನ ಫೋಲ್ಡರಿಗೆ ಹೋಗಿ ಕಡತಗಳನ್ನು ಕೈಯಿಂದ ಅಳಿಸುವ ಸಾಹಸವೂ ಬೇಡ. ಹೊಸ ಡ್ರೈವರು ಸಿಗದೆ, ಉಪಕರಣವೂ ಅನಿವಾರ್ಯವಾದರೆ ಆ ಹಳದಿ ಗುರುತು ಸದ್ಯಕ್ಕೆ ಇರಲಿ ಎನ್ನುವುದೇ ನನ್ನ ಅಭಿಪ್ರಾಯ. ಒಂದು ಹೆಚ್ಚಿನ ಬೀಗ ಹಾಕಿಲ್ಲವೆಂದು ಅದರ ಅರ್ಥ, ಕಳ್ಳ ಒಳಗಿದ್ದಾನೆಂದಲ್ಲ.

ನಮ್ಮಿಂದ ಸರಿಪಡಿಸಲಾಗದ ಎಚ್ಚರಿಕೆಯೂ ಇದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕಾದುದರಿಂದ ಹಲವು ಹಳೆಯ ಯಂತ್ರಗಳು ಅದಕ್ಕೆ ಅರ್ಹವಾಗುವುದಿಲ್ಲ. ಅಂಥವುಗಳಲ್ಲಿ ಚಿತ್ರಗಳನ್ನೂ ಕಡತಗಳನ್ನೂ ಬೇರೆಡೆ ಪ್ರತಿಮಾಡಿಟ್ಟು ಲಿನಕ್ಸ್ ಹಾಕಬಹುದು. ಶಾಲೆಯಲ್ಲಿ ಕಲಿತುದನ್ನು ಅಜ್ಜನಿಗೆ ಹೇಳಿಕೊಡುವ ಅವಕಾಶ ಆಗ ನಿಮ್ಮದು.

ಕೊನೆಯದಾಗಿ, 48 ಅಂಕೆಗಳ ಕೀಲಿಯ ವಿಚಾರ. ಈಚಿನ ಅನೇಕ ಕಂಪ್ಯೂಟರುಗಳಲ್ಲಿ ಡಿಸ್ಕಿನಲ್ಲಿರುವುದೆಲ್ಲ ಗುಪ್ತಲಿಪಿಯಲ್ಲಿರುತ್ತದೆ. ಬಿಟ್‌ಲಾಕರ್ ಎಂಬುದು ಆ ಕೆಲಸವನ್ನು ಮಾಡುತ್ತದೆ. ಮನೆಯವರಿಗೆ ಇದು ತಿಳಿದೇ ಇರುವುದಿಲ್ಲ. ಯಂತ್ರದ ಮೂಲ ತಂತ್ರಾಂಶವನ್ನು ಹೊಸತು ಮಾಡಿದಾಗ, ಮದರ್‌ಬೋರ್ಡ್ ಬದಲಾಯಿಸಿದಾಗ, ಕೆಲವು ಯಂತ್ರಗಳಲ್ಲಿ ಮೇಲೆ ಹೇಳಿದ ಬ್ಯಾಟರಿ ಸತ್ತು ಸೆಟ್ಟಿಂಗುಗಳು ಅಳಿದಾಗ ‘ಇದು ನಾನು ಕಂಡ ಯಂತ್ರವಲ್ಲ’ ಎಂದು ಈ ಕಾವಲುಗಾರ ಸಂಶಯಪಟ್ಟು, ನೀಲಿ ಪರದೆಯಲ್ಲಿ 48 ಅಂಕೆಗಳ ಕೀಲಿ ಕೇಳುತ್ತಾನೆ. ಅದಿಲ್ಲದೆ ಡಿಸ್ಕನ್ನು ಓದಿಕೊಡಲು ಮೈಕ್ರೋಸಾಫ್ಟಿನವರಿಂದಲೂ ಆಗದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ರಕ್ಷಣಾ ತಂತ್ರಾಂಶಕ್ಕೆ ಬಂದ ದೋಷಯುಕ್ತ ಬದಲಾವಣೆಯಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋದಾಗ, ದೊಡ್ಡ ದೊಡ್ಡ ಕಚೇರಿಗಳವರೂ ಯಂತ್ರಗಳನ್ನು ಎಬ್ಬಿಸಲು ಈ ಕೀಲಿಗಳನ್ನು ಹುಡುಕಿ ಬಳಲಿದರು.

ಆ ಕೀಲಿ ಆರು ಅಂಕೆಗಳ ಎಂಟು ಗುಂಪುಗಳಾಗಿರುತ್ತದೆ. ಇಷ್ಟುದ್ದದ ಸಂಖ್ಯೆಯನ್ನು ಬರೆದುಕೊಳ್ಳುವಾಗ ತಪ್ಪಾಗದೆ? ಅದಕ್ಕೊಂದು ಚಮತ್ಕಾರದ ಏರ್ಪಾಡಿದೆ. ಪ್ರತಿಯೊಂದು ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ! ಉದಾಹರಣೆಗೆ 135795 ಎಂಬ ಗುಂಪನ್ನು ತೆಗೆದುಕೊಳ್ಳಿ. ಅಂಕೆಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿದರೆ 1, 5, 9 ಸೇರಿ 15. 3, 7, 5 ಸೇರಿ 15. ವ್ಯತ್ಯಾಸ ಸೊನ್ನೆ. ಆದುದರಿಂದ 11ರಿಂದ ಭಾಗವಾಗುತ್ತದೆ, ಭಾಗಲಬ್ಧ 12345. ನೀವು ಗಣಿತದಲ್ಲಿ ಕಲಿತ ನಿಯಮವೇ ಇದು. ಒಂದಂಕೆ ತಪ್ಪಿದರೂ, ಅಕ್ಕಪಕ್ಕದ ಎರಡು ಬೇರೆ ಬೇರೆ ಅಂಕೆಗಳು ಅದಲುಬದಲಾದರೂ ಭಾಗಾಕಾರ ಕೆಡುತ್ತದೆ. ಹಾಗೆ ಏಕೆ ಕೆಡಲೇಬೇಕು ಎಂಬುದನ್ನು ಹತ್ತನೆಯ ತರಗತಿಯವರು ಸಾಧಿಸಿ ನೋಡಬಹುದು. ಬರೆದುಕೊಂಡ ಪ್ರತಿಯನ್ನು ಅಲ್ಲಿಯೇ ಕುಳಿತು ಎಂಟು ಭಾಗಾಕಾರಗಳಿಂದ ಪರೀಕ್ಷಿಸಿರಿ.

ಕೀಲಿ ಎಲ್ಲಿ ಸಿಗುತ್ತದೆ? ಕಂಪ್ಯೂಟರನ್ನು ಮೊದಲು ಸಜ್ಜುಗೊಳಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಅಜ್ಜನ ಯಂತ್ರವಾದರೂ ಸಜ್ಜುಗೊಳಿಸಿದವರು ಗಲ್ಫಿನಲ್ಲಿರುವ ಚಿಕ್ಕಪ್ಪ ಆಗಿರಬಹುದು. ಹಾಗಿದ್ದರೆ ಅವರು ಮುಂದಿನ ಸಲ ಫೋನ್ ಮಾಡಿದಾಗಲೇ ಕೇಳಿರಿ, ನೀಲಿ ಪರದೆ ಬರುವ ತನಕ ಕಾಯಬೇಡಿ. ಕಾಗದದ ಮೇಲೆ ಬರೆದು, ಜಾಗದ ರೆಕಾರ್ಡು ಮತ್ತು ತೀರುವೆ ರಶೀದಿಗಳಿರುವ ಪೆಟ್ಟಿಗೆಯಲ್ಲಿ ಇಡಲು ಅಪ್ಪನಿಗೋ ಅಮ್ಮನಿಗೋ ಕೊಡಿರಿ. ಅದೇ ಕಂಪ್ಯೂಟರಿನೊಳಗೆ ಇಟ್ಟರೆ, ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದಂತಾದೀತು. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬಾರದು. ಒಂದಕ್ಕಿಂತ ಹೆಚ್ಚು ಕಂಪ್ಯೂಟರುಗಳಿರುವ ಮನೆಯಲ್ಲಿ, ಕೀಲಿ ಕೇಳುವ ಪರದೆಯಲ್ಲಿ ಕಾಣುವ ಗುರುತುಸಂಖ್ಯೆಯ ಮೊದಲ ಎಂಟು ಅಕ್ಷರಗಳನ್ನೂ ಅದೇ ಕಾಗದದಲ್ಲಿ ಬರೆದಿಡಿ. ಖಾತೆಯಲ್ಲಿ ಕೀಲಿಯ ಪಕ್ಕದಲ್ಲಿಯೇ ಅದು ಇರುತ್ತದೆ. ಯಾವ ಕೀಲಿ ಯಾವ ಯಂತ್ರದ್ದೆಂದು ಅದರಿಂದ ತಿಳಿಯುತ್ತದೆ.